ಕಡಲ ಊರುಗಳಲ್ಲಿ ನಯನಾ

ರಾಜಾನುಕುಂಟೆಯ ಚಿಕ್ಕಹನುಮಯ್ಯನವರ ಮಗ ಮಹೇಂದ್ರ ಬೆನ್ನಿಗೆ ಚೀಲ ಏರಿಸಿಕೊಂಡು ಪರದೇಶ ಸುತ್ತುವಂಥ ಆಸಾಮಿಯಲ್ಲ. ಅಪ್ಪ ದ್ರಾಕ್ಷಿ ಬೆಳೆಯುತ್ತಿದ್ದ ಹೊಲ ಮಗನ ಕಾಲಕ್ಕೆ ಲೇಔಟ್ ಆಗಿತ್ತು. ತಮಗೆಂದು ಉಳಿಸಿಕೊಂಡ ಸೈಟುಗಳಲ್ಲಿ ಒಂದೊಂದೇ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವುದು ಅವನ ಕೆಲಸ. ಬೆಳಿಗ್ಗೆ ಗಾರೆಯವರು ಬರುವ ಹೊತ್ತಿಗೆ ಅವನು ಅಲ್ಲಿರಬೇಕು. ಸಂಜೆ ಅವರು ಕೈಕಾಲು ತೊಳೆದು ಹೊರಟ ಮೇಲೆಯೇ ಮನೆ. ತೀರಾ ದೂರ ಹೋಗಿದ್ದೆಂದರೆ ಧರ್ಮಸ್ಥಳ, ಅದೂ ಮದುವೆಯಾದ ಹೊಸತರಲ್ಲಿ. ಹೆಂಡತಿ ನಯನಾ ಆರ್.ಟಿ. ನಗರದಲ್ಲಿ ಬೆಳೆದವಳು, ಹೆಬ್ಬಾಳದ ಆಫೀಸೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದಳು. ಇಬ್ಬರಿಗೂ ಒಬ್ಬಳೇ ಮಗಳು ಧನ್ವಿತಾ. ಮನೆಮಂದಿಗೆಲ್ಲ ಧನು.

ಧನು ಮೂರು ತುಂಬಿದ ವರ್ಷ ತೀರಿಕೊಂಡಳು, ಮಹೇಂದ್ರನೇ ಕಟ್ಟಿಸುತ್ತಿದ್ದ ಮನೆಯ ನೀರಿನ ಸಂಪಿನಲ್ಲಿ. ಟ್ಯಾಂಕರಿನವನು ನೀರು ಬಿಟ್ಟು ಹೋಗಿದ್ದ, ಮುಚ್ಚಳ ಪಕ್ಕಕ್ಕೇ ಇತ್ತು. ಮಹೇಂದ್ರ ಮೇಸ್ತ್ರಿಯ ಜೊತೆ ಮೆಟ್ಟಿಲಿನ ಅಳತೆ ಮಾತಾಡುತ್ತಿದ್ದ. ಮಗು ಮುಂದುಗಡೆ ಜಲ್ಲಿಕಲ್ಲು ಆಯುತ್ತಿದೆ ಅಂದುಕೊಂಡಿದ್ದ. ಆದದ್ದು ಅಷ್ಟೇ. ಆಗ ನಯನಾ ಆಫೀಸಿನಲ್ಲಿದ್ದಳು. ಆಮೇಲೆ ಒಂದು ಸಲವೂ ‘ನೀವು ಎಲ್ಲಿದ್ರಿ’ ಎಂದು ಅವಳು ಕೇಳಲಿಲ್ಲ. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಮಹೇಂದ್ರನಿಗೆ ಎಷ್ಟೋ ಸಲ ಅನ್ನಿಸಿತ್ತು.

ಊರೆಲ್ಲ ಬುದ್ಧಿ ಹೇಳಿತು. ಪಕ್ಕದ ಮನೆಯ ರಾಮಲಕ್ಷ್ಮಮ್ಮ ಬಂದಾಗಲೆಲ್ಲ ನಯನಾಳ ಗಲ್ಲ ಹಿಡಿದು, “ಇನ್ನೊಂದು ಮಾಡ್ಕೊಳವ್ವ, ಎಲ್ಲ ಮರ್ತೋಯ್ತದೆ” ಅನ್ನುತ್ತಿದ್ದಳು. ನಯನಾ ಎದ್ದು ಒಳಗೆ ಹೋಗುತ್ತಿದ್ದಳು. ಕೆಲಸ ಬಿಟ್ಟಳು. ಊಟವೆಂದರೆ ತಟ್ಟೆಯ ಮುಂದೆ ಕೂತು ಏಳುವುದು. ಹೀಗೇ ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಮೊಬೈಲನ್ನು ಅವನ ಮುಂದೆ ಹಿಡಿದಳು. ಬಿಳಿ ಸುಣ್ಣದ ಮನೆಗಳು, ಹಿಂದೆ ಕಡಲು, ಚೀಲ ಹೊತ್ತು ನಡೆಯುತ್ತಿರುವ ಜನ.

“ಪೋರ್ಚುಗಲ್, ಸ್ಪೇನ್ ಕಡೆ. ಹೀಗೇ ಊರಿಂದ ಊರಿಗೆ ಹೋಗೋದು. ಹೋಗೋಣ್ವಾ? ಅಲ್ಲಿ ನಾವ್ಯಾರು ಅಂತ ಯಾರಿಗೂ ಗೊತ್ತಿರಲ್ಲ.”

ಅಷ್ಟು ನೀರು ನೋಡಿ ಮಹೇಂದ್ರ ಮೊಬೈಲಿನಿಂದ ಕಣ್ಣು ತೆಗೆದ. ಆದರೆ ಅವಳು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. “ಆಯ್ತು” ಅಂದ.

ಅವನ ತಾಯಿ ಸುಬ್ಬಮ್ಮನಿಗೆ ಇದು ಹಿಡಿಸಲಿಲ್ಲ. “ಊರು ಸುತ್ತೋಕೆ ಇದೇನಾ ಒತ್ತು? ಜನ ಏನಂದಾರು?”

“ಅನ್ಲಿ ಬಿಡವ್ವ. ಅವ್ಳು ಒಂದ್ ತುತ್ತು ಉಣ್ಲಿ, ಸಾಕು.”

ಪೋರ್ಚುಗಲ್ಲಿನ ದಕ್ಷಿಣ ತುದಿಯ ಲಾಗೋಸ್ ಎಂಬ ಊರಿನಿಂದ ನಡಿಗೆ ಶುರುವಾಯಿತು. ಮಲಗುವುದು ಹಾಸ್ಟೆಲ್ಲಿನಲ್ಲಿ, ಒಂದರ ಮೇಲೊಂದು ಮಂಚ. ಸುತ್ತ ಮೀಸೆ ಚಿಗುರುವ ಹುಡುಗರು, ಅವರ ನಡುವೆ ಮಹೇಂದ್ರನೇ ಹಿರಿಯ. ಚೀಲದ ಪಟ್ಟಿಗೆ ಹೆಗಲು ಕಿತ್ತುಹೋಯಿತು. ಕಡಲಂಚಿನ ಬಂಡೆಗಳ ಮೇಲಿನ ಕಾಲುದಾರಿಯಲ್ಲಿ ನಯನಾ ಮುಂದೆ ಮುಂದೆ ನಡೆದರೆ ಅವನು ನೆಲ ನೋಡಿಕೊಂಡು ಹಿಂದೆ ಬರುವನು. ಎಲ್ಲಾದರೂ ಕೂತರೆ ನೀರಿಗೆ ಬೆನ್ನು ಹಾಕಿ ಕೂರುವನು. ಆದರೂ ಅವನಿಗೆ ಒಂದು ಸಮಾಧಾನವಿತ್ತು. ನಯನಾ ಉಣ್ಣುತ್ತಿದ್ದಳು. ಮಲಗಿದರೆ ಮಗ್ಗುಲು ಬದಲಿಸದೆ ನಿದ್ದೆ ಮಾಡುತ್ತಿದ್ದಳು. ಮೆಲ್ಲಗೆ ಮರೆಯುತ್ತಿದ್ದಾಳೆ, ಬಂದದ್ದು ಒಳ್ಳೆಯದೇ ಆಯಿತು ಅಂದುಕೊಂಡ.

ತವೀರಾ ಎಂಬ ಊರಿನಲ್ಲಿ ಗ್ರಾಸಾ ಎಂಬ ಮುದುಕಿಯ ಮನೆಯ ಮಹಡಿ ಕೋಣೆ ಸಿಕ್ಕಿತು. ಒಂದು ಬೆಳಿಗ್ಗೆ ಮಹೇಂದ್ರ ಬ್ರೆಡ್ಡು ತಂದಾಗ ನಯನಾ ಮುದುಕಿಯ ಅಡುಗೆಮನೆಯಲ್ಲಿ ಕೂತು ಕಾಳು ಬಿಡಿಸುತ್ತ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಮಹೇಂದ್ರನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ‘ಡಾಟರ್’ ಅಂದದ್ದು ಕೇಳಿಸಿತು. ‘ಫೈವ್’ ಅಂದದ್ದು ಕೇಳಿಸಿತು. ನಯನಾ ಕೈ ಚಾಚಿ ನೆಲದಿಂದ ಎತ್ತರ ತೋರಿಸುತ್ತಿದ್ದಳು, ಇಷ್ಟುದ್ದ ಇದ್ದಾಳೆ ಎಂದು. ಮುದುಕಿ ಅವನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, ನೆನಪಾಗುತ್ತದಾ ಎಂಬಂತೆ ಏನೋ ಕೇಳಿದಳು. ಅವನು ತಲೆಯಾಡಿಸಿದ.

ಕೋಣೆಗೆ ಬಂದ ಮೇಲೆ ಕೇಳಿದ: “ಏನಂದೆ ಅವ್ರಿಗೆ?”

“ಧನು ಅಜ್ಜಿ ಹತ್ರ ಇದಾಳೆ ಅಂದೆ.”

“ಐದು ಅಂದ್ಯಲ್ಲ.”

ನಯನಾ ಬಟ್ಟೆ ಮಡಿಸುತ್ತಲೇ, “ಈಗ ಐದೇ ತಾನೇ?” ಅಂದಳು.

ಮಹೇಂದ್ರ ಮಂಚದ ತುದಿಯಲ್ಲಿ ಕೂತುಬಿಟ್ಟ. ಅವನ ಮನಸ್ಸಿನಲ್ಲಿ ಮಗಳು ಜಲ್ಲಿ ರಾಶಿಯ ಮುಂದೆ ಅಷ್ಟೇ ಚಿಕ್ಕವಳಾಗಿ ನಿಂತುಹೋಗಿದ್ದಳು. ಇವಳಲ್ಲಿ ಮಗು ಬೆಳೆಯುತ್ತಲೇ ಇತ್ತು. ಮರೆಯುವುದಕ್ಕೆ ಬಂದವಳಲ್ಲ ಇವಳು, ಸಾಕುವುದಕ್ಕೆ ಬಂದವಳು.

ಅಲ್ಲಿಂದಾಚೆ ಊರೂರಿಗೂ ಅದೇ ಆಯಿತು. ಗಡಿ ದಾಟಿ ಸ್ಪೇನಿಗೆ ಹೋಗುವ ಬಸ್ಸಿನಲ್ಲಿ, ನಯನಾಳ ಮಾತಿನಲ್ಲಿ, ಧನುವಿನ ಮುಂದಿನ ಹಲ್ಲು ಬಿದ್ದಿತು. ಇನ್ನೊಂದು ಊರಿನ ಬಟ್ಟೆ ಅಂಗಡಿಯಲ್ಲಿ ಧನು ಸೈಕಲ್ ಕಲಿತಳು. ತಡೆಯಬೇಕು ಎಂದು ಮಹೇಂದ್ರನಿಗೆ ಗೊತ್ತಿತ್ತು. ಆದರೆ ಹೇಳುವಾಗ ನಯನಾಳ ಮುಖ ಬಾಣಂತಿಯ ಮುಖದಂತೆ ಹೊಳೆಯುತ್ತಿತ್ತು. ಕಾದಿಸ್ ಎಂಬ ಊರಿನ ಮಾರ್ಕೆಟ್ಟಿನಲ್ಲಿ ಮೀನು ಮಾರುವವನೊಬ್ಬ ಮಕ್ಕಳ ಬಗ್ಗೆ ಅವನನ್ನೇ ಕೇಳಿದಾಗ, ತನ್ನ ಹರುಕು ಇಂಗ್ಲಿಷಿನಲ್ಲಿ ಅವನೂ ಹೇಳಿಬಿಟ್ಟ: “ಸ್ಕೂಲ್ ಗೋಯಿಂಗ್. ಡ್ರಾಯಿಂಗ್ ಗುಡ್.” ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಬಂದು ಕೂತಿತು, ಮೊದಲಿಗಿಂತ ಭಾರವಾಗಿ.

ನೆರ್ಹಾ ಎಂಬ ಊರಿನ ಕಡಲ ದಂಡೆಯಲ್ಲಿ ಮಹೇಂದ್ರ “ನೀರಿನ ಬಾಟ್ಲು ಎಲ್ಲಿಟ್ಟೆ?” ಎಂದು ಹೆಂಡತಿಯನ್ನು ಕೇಳುತ್ತಿದ್ದಾಗ ಪಕ್ಕದ ಬೆಂಚಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದೇ ಬಂದರು.

“ಅಯ್ಯೋ, ಕನ್ನಡದವ್ರಾ! ರೀ, ಬನ್ನಿ ಇಲ್ಲಿ!”

ಅವರ ಹೆಸರು ಸೀತಾ. ಹಿಂದೆ ಬಂದ ಗಂಡ ಬದರೀನಾಥ. ಇಬ್ಬರೂ ಯಲಹಂಕ ನ್ಯೂ ಟೌನಿನವರು, ಟೂರಿನ ಗುಂಪಿನೊಂದಿಗೆ ಬಂದಿದ್ದರು. “ರಾಜಾನುಕುಂಟೆನಾ? ನಮ್ ಪಕ್ಕದೋರೇ ಆದ್ರಿ!” ಎಂದು ಬದರೀನಾಥರು ಮಹೇಂದ್ರನ ಕೈ ಕುಲುಕಿದರು. ಸೀತಾ ನಯನಾಳ ಪಕ್ಕ ಕೂತರು.

“ಮಕ್ಕಳನ್ನ ಕರ್ಕೊಂಡ್ ಬಂದಿಲ್ವೇನಮ್ಮಾ?”

ನಯನಾ ಅವರ ಮುಖವನ್ನೇ ನೋಡಿದಳು. ಅದನ್ನು ನೋಡಲಾರದೆ ಮಹೇಂದ್ರ ನಡುವೆ ಬಂದ. “ಒಬ್ಳು ಮಗ್ಳು, ಮೇಡಂ. ನಮ್ಮವ್ವನ ಹತ್ರ ಬಿಟ್ ಬಂದಿದೀವಿ.”

“ಹೌದಾ! ಯಾವ ಸ್ಕೂಲು? ನಮ್ ಸೊಸೆ ಮಹತಿ ನ್ಯೂ ಟೌನಲ್ಲೇ ನರ್ಸರಿ ನಡೆಸ್ತಾಳೆ. ಊರಿಗೆ ಬಂದ್ಮೇಲೆ ಮಗುನ ಕರ್ಕೊಂಡು ಮನೆಗೆ ಬನ್ನಿ. ಏನ್ ಹೆಸ್ರು?”

“ಇಲ್ಲ ಆಂಟಿ,” ಅಂದಳು ನಯನಾ. “ಅವಳು ತೀರ್ಕೊಂಡ್ಳು. ಸಂಪಲ್ಲಿ ಬಿದ್ದು.”

ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಸೀತಾ ಅವಳ ಕೈ ಹಿಡಿದುಕೊಂಡರು. ಬದರೀನಾಥರು ಮಹೇಂದ್ರನನ್ನು ಒಮ್ಮೆ ನೋಡಿ ಕಣ್ಣು ತಪ್ಪಿಸಿದರು. ಗುಂಪಿನವರು ಕರೆದಾಗ ಇಬ್ಬರೂ ತಲೆ ತಗ್ಗಿಸಿ ಹೋದರು.

“ಅವ್ರ ಹತ್ರ ಯಾಕ್ ಹಂಗಂದ್ರಿ?” ನಯನಾ ಕೇಳಿದಳು.

“ನೀನೂ ಅದ್ನೇ ಹೇಳ್ತಿದ್ಯಲ್ಲೇ, ಎಲ್ರಿಗೂ.”

“ಅವ್ರು ನಮ್ ಕಡೆಯೋರು. ನಮ್ ಕಡೆ ಅವಳಿಲ್ಲ ಕಣ್ರೀ. ಇಲ್ಲಿ ಮಾತ್ರ ಇದ್ಲು.” ಅವಳ ದನಿ ಏರಲೇ ಇಲ್ಲ. “ಇಲ್ಲೂ ನೀವು ಅವಳನ್ನ ಉಳಿಸ್ಲಿಲ್ಲ.”

ಎರಡು ವರ್ಷ ಅವನು ಕಾದಿದ್ದ ಮಾತು ಕೊನೆಗೂ ಬಂದಿತ್ತು. ಬಂದರೆ ಹಗುರಾದೀತು ಅಂದುಕೊಂಡಿದ್ದು ಸುಳ್ಳಾಯಿತು. ಅವನು ಮರಳಿನ ಮೇಲೆ ಕೂತುಬಿಟ್ಟ. ಅವಳು ತನ್ನ ಚೀಲ ಎತ್ತಿಕೊಂಡು ನಡೆದುಬಿಟ್ಟಳು.

ಅಂದುಕೊಂಡದ್ದಕ್ಕಿಂತ ಮೊದಲೇ ವಾಪಸು ಬಂದರು. ನಯನಾ ಆರ್.ಟಿ. ನಗರದ ತವರಲ್ಲೇ ಉಳಿದಳು. ಜಗಳವಾಗಲಿಲ್ಲ, ಕೋರ್ಟು ಕಚೇರಿ ಅಂತೇನೂ ಆಗಲಿಲ್ಲ. ಹಬ್ಬಕ್ಕೆ ಸುಬ್ಬಮ್ಮ ಕರೆದರೆ “ಬರ್ತೀನಿ ಅತ್ತೆ” ಅನ್ನುತ್ತಿದ್ದಳು, ಬರುತ್ತಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳೇ ಫೋನು ಮಾಡಿದಳು. “ಮತ್ತೆ ಹೋಗ್ತಿದೀನಿ. ಒಬ್ಳೇ. ಏರ್‌ಪೋರ್ಟಿಗೆ ಬಿಡ್ತೀರಾ?”

ಮಹೇಂದ್ರ ಬಿಟ್ಟು ಬಂದ. ಕಾರು ಹೆಬ್ಬಾಳದ ಫ್ಲೈಓವರ್ ಏರಿ ಇಳಿದು ಯಲಹಂಕ ದಾಟಿತು. ಇಳಿಯುವಾಗ “ನಿಮ್ ಮೇಲೆ ಸಿಟ್ಟಿಲ್ಲ” ಅಂದಳು. ಸಿಟ್ಟಾದರೂ ಇದ್ದಿದ್ದರೆ ಅವನು ಅದನ್ನು ಹಿಡಿದುಕೊಂಡು ಇರುತ್ತಿದ್ದ.

ಅವಳು ಹೋದ ಮೇಲೆ ಒಂದು ಮಧ್ಯಾಹ್ನ ತಡೆಯಲಾರದೆ ಫೋನು ಮಾಡಿದ. ಅವಳು ಎತ್ತಿಕೊಂಡು “ಒಂದ್ನಿಮಿಷ ಇರಿ” ಎಂದು ಅತ್ತ ಯಾರಿಗೋ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದಳು. ಪಾತ್ರೆಗಳ ಸದ್ದು, ಯಾರೋ ಹೆಂಗಸಿನ ನಗು. ನಯನಾಳೂ ನಗುತ್ತಿದ್ದಳು. “ಸಿಕ್ಸ್,” ಅಂದಳು. “ಫಸ್ಟ್ ಸ್ಟ್ಯಾಂಡರ್ಡ್.”

ಮಹೇಂದ್ರ ಫೋನು ಇಟ್ಟ. ಬಾಗಿಲಲ್ಲಿ ನಿಂತಿದ್ದ ಸುಬ್ಬಮ್ಮ, “ಏನಂತೆ ಮಗ? ಯಾವಾಗ್ ಬತ್ತಾಳಂತೆ?” ಅಂದಳು.

“ಅಲ್ಲೇ ಇರ್ತಾಳೆ ಕಣವ್ವ, ಇನ್ನೊಂದಷ್ಟು ದಿನ.”

“ಒಬ್ಳೇ ಏನ್ ಮಾಡ್ತಾಳೋ ಅಲ್ಲಿ.”

ಒಬ್ಬಳೇ ಇಲ್ಲ, ಅಂದುಕೊಂಡ ಮಹೇಂದ್ರ. ಸುಬ್ಬಮ್ಮ ಒಳಗೆ ಹೋಗಿ ತಟ್ಟೆ ಹಾಕಿ ಊಟಕ್ಕೆ ಕರೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಕರೆದಳು. ಅವನು ಜಗಲಿಯಿಂದ ಏಳಲಿಲ್ಲ.