ಫಿಲಿಪಾಸ್ ಮೇಸ್ತ್ರಿ ಕಟ್ಟಿದ ಹೊಸ ಪದ

ನಮ್ಮ ದ್ವೀಪದ ಊರಿನ ಫಿಲಿಪಾಸ್ ಮೇಸ್ತ್ರಿ ಹೆಸರಿಗೆ ಬೂಟು ಹೊಲಿಯುವವನು. ಹೆಂಗಸರು ಹೊಲಕ್ಕೆ ಮೆಟ್ಟಿಕೊಂಡು ಹೋಗುವ ಮೊಳಕಾಲುದ್ದದ ಬೂಟು. ನನ್ನ ಮದುವೆಗೆಂದು ಅಳತೆ ತೆಗೆದುಕೊಂಡು ಹೋದ ಜೋಡಿ ಕೈಗೆ ಬಂದದ್ದು ನನ್ನ ಮೊದಲ ಮಗಳು ನಡೆಯಲು ಕಲಿತ ಮೇಲೆ. ಅದರಲ್ಲೂ ಎಡಗಾಲಿನದು ಕಚ್ಚುತ್ತದೆ.

"ಏನ್ಮಾಡ್ಲಿ ತಾಯಿ, ಲೀರಾ ಕೈಗೆ ಬಂದ್ರೆ ಸೂಜಿ ತಾನೇ ಬಿದ್ದೋಗತ್ತೆ" ಎಂದಿದ್ದ.

ಲೀರಾ ಅವನ ಮೂರು ತಂತಿಯ ವಾದ್ಯ. ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಗೆಜ್ಜೆ ಕಟ್ಟಿದ ಕಮಾನು ಎಳೆಯುತ್ತಾನೆ. ಬಿದ್ದ ಸೂಜಿಯನ್ನು ಎತ್ತುವವಳು ಅವನ ಹೆಂಡತಿ ಸೆವಾಸ್ತಿ. ಅಟ್ಟೆ ಹೊಡೆಯುವುದು, ಬೆಟ್ಟದಿಂದ ಸೌದೆ ಹೊರುವುದು, ಮೇಕೆ ಹಾಲು ಕರೆಯುವುದು ಎಲ್ಲ ಅವಳ ಪಾಲಿಗೆ. ಅವನ ಪಾಲಿಗೆ ಬಂದದ್ದು ನೋವು ಅನುಭವಿಸುವ ಕೆಲಸ.

ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ನಮ್ಮಲ್ಲಿ ಹಾಡುವಾಗ ಗಂಡಸು ಕಣ್ಣೀರು ಹಾಕಿದರೆ ಮರ್ಯಾದೆ ಹೆಚ್ಚುತ್ತದೆ. ಹಾಗಾಗಿ ಮದುವೆಯ ಮೇಜಿನಲ್ಲಿ ಹಡಗು ಹತ್ತಿ ಪರದೇಶಕ್ಕೆ ಹೋದವರನ್ನು ನೆನೆದು ಅಳುತ್ತಾನೆ, ಮಗುವಿನ ನಾಮಕರಣದಲ್ಲಿ ಸತ್ತುಹೋದ ಅಜ್ಜಂದಿರನ್ನು ನೆನೆದು ಅಳುತ್ತಾನೆ. ಸೆವಾಸ್ತಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಾಗ ಮಾತ್ರ ಒಂದು ಹನಿಯೂ ಬರಲಿಲ್ಲ. ಬೇಳೆ ಬೇಯಿಸುವವರು ಯಾರು ಎಂದು ಕೇಳಿಕೊಂಡು ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದ.

ಅವನ ದೊಡ್ಡಸ್ತಿಕೆಯೆಲ್ಲ ಪದ ಕಟ್ಟುವುದರಲ್ಲಿ. ಎರಡೇ ಸಾಲಿನ ಪದ. ಹಾಡುವವನು ಒಂದು ಸಾಲು ಹೇಳಿದರೆ ಮೇಜಿನ ಸುತ್ತ ಕೂತವರು ಅದನ್ನು ತಿರುಗಿ ಹೇಳಬೇಕು. ಹೇಳಿದರೆ ಪದ ನಿಂತಿತು, ಕೊಡುವ ಮಾತಾದರೆ ಮನೆಯವರು ಒಪ್ಪಿ ಉತ್ತರ ಹಾಡಬೇಕು, ಆಮೇಲೆ ಅದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಬೇಲಿ ಜಗಳ ಮುಗಿದದ್ದೂ ಹೆಣ್ಣು ಕೊಡುವ ಮಾತು ಆದದ್ದೂ ಎಷ್ಟೋ ಸಲ ಹೀಗೆ. ಯಾರೂ ತಿರುಗಿ ಹೇಳದಿದ್ದರೆ ಪದ ಅಲ್ಲೇ ಸತ್ತಂತೆ.

"ಬೇಯಿಸಿಟ್ಟ ಪದ ನಾನು ಬಡಿಸೋನಲ್ಲ. ಮುಖ ನೋಡ್ತೀನಿ, ಪದ ಹುಟ್ಟತ್ತೆ" ಎಂದು ಮೀಸೆ ತಿರುವುತ್ತಾನೆ. ಉಪ್ಪುನೀರಿನಲ್ಲಿ ಹಾಕಿಟ್ಟ ಆಲಿವ್ ಕಾಯಿಯ ಹಾಗೆ ಅವನ ಹತ್ತಿರ ಒಂದು ಜಾಡಿ ಪದಗಳಿವೆ, ಮದುವೆಗೆ ಇದು, ತೊಟ್ಟಿಲಿಗೆ ಅದು. ಮನೆಯಿಂದ ಮನೆಗೆ ಹೊಲದ ಹೆಸರಷ್ಟೇ ಬದಲಾಗುತ್ತದೆ. ಅಡುಗೆಮನೆಯಲ್ಲಿ ನಿಂತು ಕೇಳುವ ನಮಗೆ ಇದು ಗೊತ್ತು. ಗಂಡಸರಿಗೆ ವೈನ್ ಇಳಿದಿರುತ್ತದೆ, ಅವರು ಯಾಕೆ ವಿಚಾರಿಸುತ್ತಾರೆ.

ಈ ವಸಂತದಲ್ಲಿ ನನಗೆ ಎರಡನೆಯ ಹೆಣ್ಣು ಮಗು ಹುಟ್ಟಿತು. ನಮ್ಮಲ್ಲಿ ಮನೆ, ಹೊಲ, ಕೊರಳಿನ ಚಿನ್ನ ಎಲ್ಲವೂ ತಾಯಿಯಿಂದ ಮೊದಲ ಮಗಳಿಗೆ. ಎರಡನೆಯವಳಿಗೆ ಅಕ್ಕನ ಮನೆಯ ಒಲೆ. ನನ್ನ ತಂಗಿ ಮರೂಕ್ಲಾ ಹಾಗೆಯೇ ನನ್ನ ಮನೆಯಲ್ಲಿದ್ದಾಳೆ, ನನ್ನ ಹಳೆಯ ಬಟ್ಟೆ ತೊಟ್ಟು ನನ್ನ ಹಿಟ್ಟು ನಾದುತ್ತಾಳೆ. ಚರ್ಚಿನ ಅಂಗಳದಲ್ಲಿ ಕೈಕೈ ಹಿಡಿದು ಕುಣಿಯುವಾಗ ಮೊದಲ ಹೆಣ್ಣುಮಕ್ಕಳು ಸಾಲಿನ ತಲೆಯಲ್ಲಿ, ಲೀರಾದ ಪಕ್ಕದಲ್ಲಿ. ಮರೂಕ್ಲಾ ಬಾಲದಲ್ಲಿ, ಗಾಳಿ ಹೊಡೆದರೆ ತಾಳವೇ ಕೇಳಿಸದ ಜಾಗದಲ್ಲಿ.

ಮಗುವಿಗೆ ಎಣ್ಣೆ ಹಚ್ಚುವಾಗ ಆ ಪುಟ್ಟ ಪಾದ ನೋಡಿದೆ. ಇದೂ ಬಾಲಕ್ಕೇ ಹೋಗಬೇಕೆ ಅನ್ನಿಸಿತು. ಬೆಟ್ಟದ ಮೇಲಿನ ಅಂಜೂರದ ಹೊಲ ಒಂದನ್ನಾದರೂ ಇವಳಿಗೆ ಇಡೋಣ ಎಂದು ನನ್ನ ತಾಯಿ ರಿಗೊಪೂಲಾಗೆ ಹೇಳಿದೆ.

"ಹೊಲ ಏನು ರೊಟ್ಟೀನಾ, ಮುರಿದು ಮುರಿದು ಹಂಚೋಕೆ?" ಎಂದಳು ಅಮ್ಮ. "ನಿನ್ನ ತಂಗಿ ಉಪವಾಸ ಬಿದ್ದಿದ್ದಾಳಾ?"

ಮರೂಕ್ಲಾ ಅಲ್ಲೇ ಪಾತ್ರೆ ತಿಕ್ಕುತ್ತಿದ್ದಳು.

"ಅದು ನಿಮ್ಮ ಹೆಂಗಸರ ಆಸ್ತಿ, ನಾನು ಬಾಯಿ ಹಾಕಲ್ಲ" ಎಂದ ನನ್ನ ಗಂಡ ಮಿನಾಸ್. ಕಾಗದದಲ್ಲಿ ಹೊಲ ನನ್ನದು, ಊರಿನ ಬಾಯಲ್ಲಿ ದೊಡ್ಡ ಮಗಳದು. ಇಲ್ಲಿ ನಡೆಯುವುದು ಬಾಯಿ.

ಮಗು ಹುಟ್ಟಿ ಏಳನೆಯ ಸಂಜೆಗೆ ಎಲ್ಲರನ್ನೂ ಕರೆಯುವುದು ವಾಡಿಕೆ. ಒಬ್ಬೊಬ್ಬ ಸಂತನ ಹೆಸರಿನಲ್ಲಿ ಒಂದೊಂದು ಮೇಣದ ಬತ್ತಿ ಹಚ್ಚಿಡುತ್ತೇವೆ. ಹಿಟ್ಟು ಕಾಯಿಸಿ ಬೆಣ್ಣೆ, ಜೇನು ಸುರಿದು ಒಂದೇ ಪರಾತದಿಂದ ತಿನ್ನುತ್ತೇವೆ. ಫಿಲಿಪಾಸ್ ಎಲ್ಲರಿಗಿಂತ ಮೊದಲು ಬಂದ.

"ಎರಡನೇದೂ ಹೆಣ್ಣಾ? ಆಗ್ಲಿ ಬಿಡು, ಅಕ್ಕನ ಬಟ್ಟೆ ಒಗೆಯೋಕೆ ಒಬ್ಬಳು ಬೇಕಲ್ಲ" ಎಂದು ತೊಟ್ಟಿಲ ಕಡೆ ನೋಡದೆಯೇ ಪರಾತದ ಮುಂದೆ ಕೂತ. ಬೆಣ್ಣೆ ಹೆಚ್ಚು ನಿಂತಿದ್ದ ಕಡೆಗೇ ಕೂತ.

ಹೊಟ್ಟೆ ತುಂಬಿತು. ವೈನ್ ಆಯಿತು. ಲೀರಾ ತೊಡೆಗೇರಿತು. ಕಣ್ಣು ಮುಚ್ಚಿದ, ಎಂದಿನಂತೆ ಕಣ್ಣೀರು ಇಳಿಯಿತು. ಕೈ ಜಾಡಿಗೆ ಹೋಯಿತು. ಸಿಕ್ಕಿದ್ದು ಮೂರು ವರ್ಷದ ಹಿಂದೆ ಇದೇ ಮೇಜಿನಲ್ಲಿ ನನ್ನ ದೊಡ್ಡವಳಿಗೆ ಹಾಡಿದ ಪದ. ಹೇಗೂ ಅವಳಿಗೇ ಬರುವ ಹೊಲ ಎಂದು ಆವತ್ತು ಯಾರೂ ಉತ್ತರ ಹಾಡಿರಲಿಲ್ಲ.

"ಸಂಜೆಯ ದೀಪದ ಚೆಲುವೆ, ನಿನ್ನ ಬಾಳು ಬೆಳಗುತಲಿರಲಿ."

ಗಂಡಸರು ತಿರುಗಿ ಹೇಳಿದರು.

"ಬೆಟ್ಟದ ಮೇಲಿನ ಅಂಜೂರದ ಹೊಲ ನಿನ್ನ ಮಡಿಲಿಗೆ ಬರಲಿ."

ತೆರೆದ ಬಾಯಿಗಳು ಹಾಗೇ ನಿಂತವು. ಹೊಲ ಯಾರದು ಎಂದು ಎಲ್ಲರಿಗೂ ನೆನಪಾಗಿತ್ತು, ಹಾಡಿದವನೊಬ್ಬನನ್ನು ಬಿಟ್ಟು. ಅವನು ಕಣ್ಣು ಮುಚ್ಚಿಕೊಂಡು ಗೆಜ್ಜೆ ಅಲುಗಿಸುತ್ತಲೇ ಇದ್ದ. ಪದ ಸಾಯುತ್ತಿತ್ತು. ಆಗ ಒಲೆಯ ಹತ್ತಿರದಿಂದ ಮರೂಕ್ಲಾ ಆ ಸಾಲನ್ನು ಪೂರ್ತಿ ತಿರುಗಿ ಹೇಳಿದಳು. ನಮ್ಮ ಮನೆಯಲ್ಲಿ ಅವಳು ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮೇಕೆಗಳನ್ನು ಕೂಗಿ ಪಳಗಿದ ಗಂಟಲು, ನಡುಗಲಿಲ್ಲ. ಒಬ್ಬರು ಶುರು ಮಾಡಿದ ಮೇಲೆ ಸುಮ್ಮನಿರುವುದು ಆ ಗಂಡಸರಿಗೆ ಎಲ್ಲಿ ಬರುತ್ತದೆ, ಹಿಂದೆಯೇ ಎಳೆದರು.

"ತಡೀರಿ" ಎಂದಳು ಅಮ್ಮ. "ಮೇಸ್ತ್ರಿ, ಅದು ದೊಡ್ಡವಳ ಪದ ಅಲ್ವಾ? ಆವತ್ತು ಇಲ್ಲೇ ಹಾಡಿದ್ಯಲ್ಲ. ತಪ್ಪಾಯ್ತು ಅನ್ನು, ಮುಗೀತು."

ಫಿಲಿಪಾಸ್ ಕಣ್ಣು ತೆರೆದ. ಹೌದು ಎಂದರೆ ಹೊಲ ದೊಡ್ಡವಳಿಗೇ ಉಳಿಯುತ್ತದೆ, ಆದರೆ ಜಾಡಿಯ ಮುಚ್ಚಳ ಊರೆದುರು ತೆರೆಯುತ್ತದೆ. ನಾನು ಮಗುವನ್ನು ಎತ್ತಿಕೊಂಡು ಅವನೆದುರು ನಿಂತೆ.

"ಏನಮ್ಮಾ ನೀನು, ಫಿಲಿಪಾಸ್ ಮಾವ ಬೇಯಿಸಿಟ್ಟ ಪದ ಬಡಿಸ್ತಾರಾ? ಈಗ ಹುಟ್ಟಿದ್ದು ತಾನೇ ಮಾವಾ, ಹೇಳಿ."

ಮಿನಾಸ್ ಲೋಟದೊಳಗೆ ಕೆಮ್ಮಿದ.

"ಈಗ್ಲೇ ಹುಟ್ಟಿದ್ದು" ಎಂದ ಫಿಲಿಪಾಸ್, ಮೀಸೆ ಒರೆಸಿಕೊಂಡು. "ಈ ಕೂಸಿನ ಮುಖ ನೋಡ್ದೆ, ಎದೇಲಿ ಏನೋ ಆಯ್ತು, ಬಂತು. ಹಳೇದು ಅನ್ನೋರು ನನ್ನ ಲೀರಾ ಮುಟ್ಟಿ ಹೇಳ್ಲಿ."

ಅಷ್ಟು ಹೊತ್ತೂ ತೊಟ್ಟಿಲಲ್ಲಿದ್ದ ಕೂಸು ಈಗಲೂ ನನ್ನ ಹೆಗಲಿಗೆ ಮುಖ ಒತ್ತಿ, ಅವನಿಗೆ ಬೆನ್ನು ಹಾಕಿ ಮಲಗಿತ್ತು.

"ಹಾಗಿದ್ರೆ ನಿಂತ ಪದ" ಎಂದ ಮಿನಾಸ್. ಇನ್ನು ಮನೆಯವರ ಉತ್ತರವಷ್ಟೇ ಬಾಕಿ. ನನ್ನ ಕಂಠ ಒಡಕು ಮಡಕೆ. ಆದರೂ ಹಾಡಿದೆ, ಕೊಟ್ಟೆ ಎಂದು ಹೇಳುವಷ್ಟಕ್ಕೆ ಪ್ರಾಸ ಸಿಕ್ಕಿತು. ಅಮ್ಮ ಚಮಚ ಕೆಳಗಿಟ್ಟು ಎದ್ದುಹೋದಳು. ಬತ್ತಿಗಳು ಆರುವ ಹೊತ್ತಿಗೆ ತಿರುಗಿ ಬಂದು ಮಗುವನ್ನು ತೊಡೆಗೆ ಹಾಕಿಕೊಂಡಳು.

ಆಗಸ್ಟಿನಲ್ಲಿ ಮಾತೆ ಮರಿಯಳ ಹಬ್ಬಕ್ಕೆ ಅಂಗಳದಲ್ಲಿ ಕುಣಿತ ಕಟ್ಟಿದಾಗ ಮರೂಕ್ಲಾ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನೇರ ಸಾಲಿನ ತಲೆಗೆ ನಡೆದಳು.

"ಎಲ್ಲಿಗೇ?" ಎಂದಳು ಸಾಲಿನಲ್ಲಿದ್ದ ಒಬ್ಬಳು.

"ನಾನಲ್ಲಮ್ಮ, ಹೊಲದ ಯಜಮಾನಿ ಬಂದಿದ್ದಾಳೆ. ನಡೆಯೋಕೆ ಬರಲ್ಲ ಅವಳಿಗೆ, ನನ್ನ ಕಾಲು ಕೊಟ್ಟಿದ್ದೀನಿ."

ಫಿಲಿಪಾಸ್ ಅದನ್ನು ನೋಡಿ ಅತ್ತ. ಬಡ ಹೆಣ್ಣುಕೂಸಿಗೆ ಹೊಲ ಕೊಡಿಸಿದವನು ತಾನೇ ಎಂದು ಆವತ್ತಿನಿಂದ ಹೇಳಿಕೊಂಡು ತಿರುಗುತ್ತಿದ್ದಾನೆ, ನಂಬುವವರೂ ಇದ್ದಾರೆ. ಹಬ್ಬದ ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದು ಬಂದ.

"ಹೊಲ ಕೊಡಿಸಿದೋನಿಗೆ ನಾಲ್ಕು ಅಂಜೂರ ಇಲ್ವಾ ತಾಯಿ?"

ಹಕ್ಕಿ ಕುಕ್ಕಿದ್ದನ್ನು ಆರಿಸಿ ತುಂಬಿಕೊಟ್ಟೆ. ಒಳ್ಳೆಯ ಹಣ್ಣು ಅಷ್ಟು ಹೊತ್ತಿಗೆ ಸೆವಾಸ್ತಿಯ ಕೈ ಸೇರಿಯಾಗಿತ್ತು, ಅದರ ಜೊತೆಗೆ, ಕಚ್ಚದ ಹಾಗೆ ಸರಿಮಾಡಿಕೊಡಲೆಂದು, ನನ್ನ ಎಡಗಾಲಿನ ಬೂಟೂ.