ಬೀರಪ್ಪನಿಗೊಂದು ಪ್ರಶ್ನೆಪತ್ರಿಕೆ

ಕಾಲೇಜು ಹುಡುಗರಿಗೆ ಪ್ರಶ್ನೆಪತ್ರಿಕೆ ತಯಾರಿಸಿ ಅಭ್ಯಾಸವಿದೆ. ದೇವರಿಗೆ ತಯಾರಿಸಲು ಹೊರಟದ್ದು ಇದೇ ಮೊದಲು!

ಹೋದ ತಿಂಗಳ ಮಾತು. ನಮ್ಮ ಮನೆಗೆ ಹಾಲು ಹಾಕುವ ಹನುಮಕ್ಕ ಬೆಳಿಗ್ಗೆ ಹಾಲು ಅಳೆದುಕೊಟ್ಟವಳು ಗೇಟು ಬಿಟ್ಟು ಕದಲಲಿಲ್ಲ.

"ಅಕ್ಕೋರ, ಇವತ್ತ ನಮ್ಮೂರಿಗೆ ಬರ್ರಿ. ಬೀರಪ್ಪನ ಗುಡಿಯಾಗ ಹೂ ಕೇಳಾದೈತಿ. ಏನಂತ ಕೇಳಬೇಕು ಅನ್ನಾದಾ ಪೂಜಾರಿಗೆ ತಿಳಿವಲ್ದು."

(ಹೂ ಕೇಳುವುದೆಂದರೆ ಗೊತ್ತಲ್ಲ? ದೇವರ ಮೈಮೇಲೆ ಎಡಕ್ಕೊಂದು, ಬಲಕ್ಕೊಂದು ಹೂ ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲದ್ದು ಬಿದ್ದರೆ ಹೂಂ, ಎಡದ್ದು ಬಿದ್ದರೆ ಊಹೂಂ. ಕುರಿಯನ್ನು ಯಾವ ಸೀಮೆಗೆ ಹೊಡೆಯಬೇಕು ಎನ್ನುವುದರಿಂದ ಬೋರ್‌ವೆಲ್‌ ತನಕ ಎಲ್ಲಕ್ಕೂ ಇದೇ ಕೋರ್ಟು. ಮೇಲ್ಮನವಿ ಇಲ್ಲ.)

ವಿಷಯ ಹನುಮಕ್ಕನ ಮಗಳು ಮಂಜುಳಾಳದು. ಹುಡುಗಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ಧಾರವಾಡದ ಕಡೆ ಕಾರಿನ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ರೋಬೋಟ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ವಾರದೊಳಗೆ ಸೇರಬೇಕು. ಆದರೆ ಮನೆಯ ಹಿರಿಯ, ದೊಡ್ಡಪ್ಪ ನಿಂಗಪ್ಪ ಒಪ್ಪುತ್ತಿಲ್ಲ. ಹಿಂದೊಮ್ಮೆ ಮೆಕ್ಕೆಜೋಳ ಒಕ್ಕುವ ಮಷಿನ್ ಅವನ ಬಲಗೈಯ ಎರಡು ಬೆರಳು ನುಂಗಿಬಿಟ್ಟಿದೆ. ಅಂದಿನಿಂದ ಆ ಮನೆಯಲ್ಲಿ 'ಮಷಿನ್' ಎಂದರೆ ಬೈಗುಳಕ್ಕೆ ಸಮ.

ಕೊನೆಗೆ 'ಬೀರಪ್ಪ ಹೂಂ ಅಂದ್ರ ಹೋಗ್ಲಿ' ಎಂದು ರಾಜಿಯಾಗಿದೆ. ಹಿಂದಿನ ದಿನ ಪೂಜಾರಿ 'ಹುಡುಗಿಯನ್ನ ಮಷಿನ್ ಕೆಲಸಕ್ಕ ಕಳಸಬೇಕೋ ಬ್ಯಾಡೋ' ಎಂದು ಕೇಳಿದ್ದಾನೆ. ಮಧ್ಯಾಹ್ನವಾದರೂ ಒಂದು ಹೂವೂ ಅಲುಗಾಡಿಲ್ಲ.

"ಬೇಕೋ ಬ್ಯಾಡೋ ಅಂತ ಎರಡೂ ಒಟ್ಟಿಗೆ ಕೇಳಿದ್ರ ದೇವರು ಏನ್ ಹೇಳ್ಬೇಕು? ಅದೂ ಎಂಥಾ ಮಷಿನ್ನೋ ಏನೋ, ನನಗಾ ಗೊತ್ತಿಲ್ಲ, ಅವನಿಗೆ ಹೆಂಗ್ ಹೇಳ್ಲಿ?" ಎಂದ ಪೂಜಾರಿ, ನಾನು ಗುಡಿ ಮುಟ್ಟಿದಾಗ. ನ್ಯಾಯವಾದ ಮಾತು. ಪ್ರಶ್ನೆಯೇ ತಪ್ಪಿದ್ದರೆ ಯಾರು ತಾನೇ ಉತ್ತರ ಬರೆದಾರು?

ನಾನು ಕೊಟ್ಟೂರಿನಲ್ಲಿ ಇತಿಹಾಸ ಪಾಠ ಮಾಡುವವಳು. ರೋಬೋಟ್ ಎಂದರೆ ಟಿವಿಯಲ್ಲಿ ನೋಡಿದ್ದು ಬಿಟ್ಟರೆ ನನಗೂ ಬೀರಪ್ಪನಿಗೂ ಇರುವ ಜ್ಞಾನ ಒಂದೇ. ಆದರೂ ಗಂಟಲು ಸರಿಮಾಡಿಕೊಂಡು, "ಆಧುನಿಕ ಉತ್ಪಾದನಾ ಕ್ಷೇತ್ರದಲ್ಲಿ..." ಎಂದು ಶುರುಮಾಡಿದೆ. ಪೂಜಾರಿ ಆಕಳಿಸಿದ. ಮಂಜುಳಾ ನಗು ತಡೆಯಲಾರದೆ ಕಂಬದ ಹಿಂದೆ ಸರಿದಳು. ಎಳೆದು ತಂದು ಮುಂದೆ ಕೂರಿಸಿದೆವು. ನಿನ್ನ ಕೆಲಸ, ನೀನೇ ಹೇಳವ್ವಾ!

"ನೋಡ್ರಿ, ಅಲ್ಲಿ ವೆಲ್ಡಿಂಗ್ ಮಾಡಾಕ ದೊಡ್ಡದೊಂದು ಕಬ್ಬಿಣದ ಕೈ ಇರತೈತಿ. ಎಲ್ಲಿ ಮುಟ್ಟಬೇಕು, ಎಷ್ಟು ಬಾಗಬೇಕು, ಎಲ್ಲಿ ನಿಂದರಬೇಕು ಅಂತ ಅದಕ್ಕ ಕಲಿಸಾಕಿ ನಾನು. ಅದರ ಸುತ್ತ ಬೇಲಿ ಐತಿ. ನಾನು ಹೊರಗ ಇರ್ತೀನಿ. ಕೆಲಸ ನಡದಾಗ ಯಾರರ ಗೇಟು ತೆಗದ್ರ ಅದು ಅಲ್ಲೇ ನಿಂದರತೈತಿ."

ಪೂಜಾರಿಗೆ ಹುರುಪು ಬಂತು. "ಸರ್ಕಾರಿ ನೌಕರಿ ಹಂಗ ಪ್ರಮೋಷನ್ ಐತೇನು?"

"ಐತ್ರಿ. ಈಗ ಟೆಕ್ನಿಷಿಯನ್. ಚಲೋ ಕಲತ್ರ ಪ್ರೋಗ್ರಾಮರ್, ಆಮ್ಯಾಲೆ ಇಡೀ ಲೈನ್ ನೋಡ್ಕೊಳ್ಳಾಕಿ. ನಡುವ ಓದಿ ಇಂಜಿನಿಯರ್ರೂ ಆಗಬೌದು."

ಅವಳ ಗೆಳತಿಯರ ಕಥೆಯೂ ಬಂತು. ಹಗರಿಬೊಮ್ಮನಹಳ್ಳಿಯ ಒಬ್ಬಳು ಕೂದಲೆಳೆಗಿಂತ ಸಣ್ಣ ಹೆಚ್ಚುಕಡಿಮೆಯನ್ನು ಅಳೆದು ಹಿಡಿಯುವ ಕ್ವಾಲಿಟಿ ವಿಭಾಗದಲ್ಲಿದ್ದಾಳೆ. ಕೂಡ್ಲಿಗಿಯವಳು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಲೋಹದ ಬಿಡಿಭಾಗವನ್ನು ಪ್ರಿಂಟ್ ತೆಗೆಯುತ್ತಾಳಂತೆ. ಅರಸೀಕೆರೆಯ ಹುಡುಗನೊಬ್ಬನ ಕೆಲಸ, ಮಷಿನ್‌ನ ನಡುಕ ನೋಡಿ ಅದು ಕೆಡುವ ಮೊದಲೇ ಹೇಳುವುದು. (ಮನುಷ್ಯರಿಗೂ ಇಂಥವರೊಬ್ಬರು ಸಿಕ್ಕಿದ್ದರೆ!)

ನನಗೆ ಖುಷಿಯೋ ಖುಷಿ. ನಮ್ಮ ಕಡೆ ಮಕ್ಕಳನ್ನು 'ದೊಡ್ಡಾಕಿ ಆಗಿ ಏನಾಗ್ತಿ?' ಎಂದು ಕೇಳಿದರೆ ಬರುವ ಉತ್ತರ ಎಷ್ಟು? ಟೀಚರ್, ಪೊಲೀಸ್, ನರ್ಸ್, ಡಾಕ್ಟರ್. ಹಡಗಲಿಯಿಂದ ಹರಪನಹಳ್ಳಿ ತನಕ ಇದೇ ಪಟ್ಟಿ. ಹೆಸರೇ ಗೊತ್ತಿಲ್ಲದ ಕೆಲಸಕ್ಕೆ ಯಾವ ಮಗು ತಾನೇ ಆಸೆಪಟ್ಟೀತು? ಹೆಸರು ಹೇಳಿಕೊಡಬೇಕಾದ ನಾವು ಮೇಷ್ಟ್ರುಗಳೇ ಹಳೇ ಪಟ್ಟಿ ಹಿಡಿದು ಕೂತಿದ್ದೇವೆ.

ನಿಂಗಪ್ಪ ಗುಡಿಯ ಬಾಗಿಲ ಬಳಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಹೆಗಲ ಕಂಬಳಿ ಸರಿಪಡಿಸಿಕೊಂಡು ಕೇಳಿದ. "ಬೇಲಿ ಐತಿ ಅಂದಿ. ನೀನು ಬೇಲಿ ಒಳಗ ಹೋಗಾದಾ ಇಲ್ಲೇನು?"

ಹನುಮಕ್ಕ ಮಗಳ ಕಡೆ ಕಣ್ಣು ಮಿಟುಕಿಸಿದಳು. ಇಲ್ಲ ಅನ್ನು, ಮುಗೀತು ಎಂದು ಅದರರ್ಥ.

ಹುಡುಗಿ ಸುಳ್ಳು ಹೇಳಲಿಲ್ಲ. "ಹೋಗ್ತೀನಿ ದೊಡ್ಡಪ್ಪ. ಕಲಿಸಾಕ ಒಳಗ ಹೋಗಬೇಕಾಗತೈತಿ. ಆವಾಗ ಅದು ಭಾಳ ಮೆಲ್ಲಕ ಆಡತೈತಿ. ನನ್ನ ಕೈಯಾಗ ಒಂದು ಸ್ವಿಚ್ ಇರತೈತಿ. ಹದವಾಗಿ ಹಿಡಕೊಂಡಿದ್ರ ಅಷ್ಟಾ ನಡಿಯಾದು. ಕೈ ಬಿಟ್ರ ನಿಂದರತೈತಿ. ಅಂಜಿ ಗಟ್ಟಿಯಾಗಿ ಅಮುಕಿದ್ರೂ ನಿಂದರತೈತಿ."

"ಅಂಜಿದ್ರೂ ನಿಂದರತೈತಿ?"

"ಅಂಜಿದ್ರೂ ನಿಂದರತೈತಿ, ದೊಡ್ಡಪ್ಪ."

ನಿಂಗಪ್ಪ ತನ್ನ ಬಲಗೈ ನೋಡಿಕೊಂಡ. "ನಮ್ಮ ಮಷಿನ್ನಿಗೆ ಅಷ್ಟು ಬುದ್ಧಿ ಇರ್ಲಿಲ್ಲ ನೋಡವ್ವಾ. ನಾ ಎಷ್ಟು ಒದರಿದ್ರೂ ನಿಂದರಲಿಲ್ಲ" ಎಂದ. ನನಗಂತೂ ಕಣ್ಣು ತುಂಬಿತು.

ಆಮೇಲೆ ನನ್ನ ಪ್ರಶ್ನೆಪತ್ರಿಕೆ ಯಾರಿಗೂ ಬೇಕಾಗಲಿಲ್ಲ. ಪೂಜಾರಿ ಹೊಸ ಹೂ ಅಂಟಿಸಿದ. ನಿಂಗಪ್ಪ ತಾನೇ ಎದ್ದು ಮುಂದೆ ನಿಂತು ಕೈಮುಗಿದ.

"ಬೀರಪ್ಪಾ, ನನಗಾದದ್ದು ಆತು. ಈ ಹುಡುಗಿ ಹೋದಂಗ ವಾಪಸ್ ಬರ್ತಾಳ ಅಂದ್ರ ಬಲಕ್ಕ ಕೊಡು. ಬೇರೆ ಏನೂ ಕೇಳಂಗಿಲ್ಲ."

ನನ್ನ ವೃತ್ತಿಜೀವನದಲ್ಲಿ ಇಷ್ಟು ಸ್ಪಷ್ಟವಾದ ಪ್ರಶ್ನೆಯನ್ನು ನಾನು ತಯಾರಿಸಿಲ್ಲ.

ಕಾದೆವು. ಮಂಜುಳಾ ಉಗುರು ಕಚ್ಚುತ್ತಿದ್ದಳು. ಅಷ್ಟರಲ್ಲಿ ಬೆಳಿಗ್ಗೆಯಿಂದ ಹೋಗಿದ್ದ ಕರೆಂಟು ಬಂತು. ಮೂಲೆಯ ಟೇಬಲ್ ಫ್ಯಾನ್ ಗರ್ ಎಂದು ತಿರುಗಿತು. ಬಲದ ಹೂ ಟಪ್ಪನೆ ಬಿತ್ತು!

ಹನುಮಕ್ಕ ಮಗಳನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಪೂಜಾರಿ ಎರಚಿದ ಭಂಡಾರಕ್ಕೆ ನನ್ನ ಇಸ್ತ್ರಿ ಸೀರೆ ಹಳದಿಯಾಯಿತು. ನಾನು ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ? "ನಿಂಗಪ್ಪಾ, ಅದು ಫ್ಯಾನ್ ಗಾಳಿಗೆ..." ಎಂದುಬಿಟ್ಟೆ.

ಅವನು ನನ್ನನ್ನು ಕನಿಕರದಿಂದ ನೋಡಿದ. "ಅಕ್ಕೋರ, ಆ ಹೊತ್ತಿಗೆ ಸರಿಯಾಗಿ ಕರೆಂಟ್ ಕಳಿಸ್ದಾವ ಯಾರು?"

ಮಂಜುಳಾ ಕೆಲಸಕ್ಕೆ ಸೇರಿದ್ದಾಳೆ. ಶಿಫ್ಟ್ ಮುಗಿದ ಮೇಲೆ ದಿನವೂ ಮನೆಗೆ ಫೋನ್ ಮಾಡುತ್ತಾಳೆ. ಫೋನ್ ಮೊದಲು ಹೋಗುವುದು ನಿಂಗಪ್ಪನ ಮೂರು ಬೆರಳಿನ ಬಲಗೈಗೆ. ಊಟ ಆಯ್ತಾ, ಪಗಾರ ಬಂತಾ, ಅದೆಲ್ಲ ಆಮೇಲೆ. ಅವನ ಪ್ರಶ್ನೆ ಒಂದೇ: "ಹತ್ತೂ ಅದಾವೇನವ್ವಾ?" ಆ ಕಡೆಯಿಂದ ನಗುವಿನ ಜೊತೆ ಉತ್ತರ ಬರುತ್ತದೆ: "ಹತ್ತೂ ಅದಾವ, ದೊಡ್ಡಪ್ಪ!"

ದುಡಿಯಲು ಹೋದ ನಮ್ಮ ಮಕ್ಕಳನ್ನು ನಾವು ಮೊದಲು ಕೇಳುವುದು ಏನನ್ನು?