ಬೇಕರಿ ಗೋಡೆಯ ಬಿಸಿಯಲ್ಲಿ ಒಣಗಿದ ಬೆತ್ತ

ಮದುವೆಯಾಗಿ ಭದ್ರಾವತಿಯ ಜನ್ನಾಪುರಕ್ಕೆ ಬರುವಾಗ ನನ್ನ ಸಾಮಾನಿನ ಜೊತೆ ಬೆತ್ತದ ಒಂದು ದೊಡ್ಡ ಸುರುಳಿಯೂ ಬಂದಿತ್ತು. ತವರುಮನೆ ಶಿವಮೊಗ್ಗದ ಕೋಟೆ ಭಾಗದಲ್ಲಿ. ಅಲ್ಲಿ ಹೆಂಗಸರಿಗೆಂದು ನಡೆಯುತ್ತಿದ್ದ ತರಗತಿಯಲ್ಲಿ ಬೆತ್ತ, ಬಿದಿರಿನ ಕೆಲಸ ಕಲಿತಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯಜಮಾನರು ಕಾರ್ಖಾನೆಗೆ ಹೊರಟ ಮೇಲೆ ಹಗಲು ನನ್ನದೇ. ಬಕೆಟ್ಟಿನ ನೀರಲ್ಲಿ ಬೆತ್ತ ನೆನೆಹಾಕಿ, ಅದು ಮೆತ್ತಗಾಗುವುದನ್ನು ಕಾಯುತ್ತಾ ಬಾಗಿಲಲ್ಲಿ ಕೂರುತ್ತಿದ್ದೆ.

ಪಕ್ಕದ ಮನೆಯವಳು ತಮಿಳು ಕಡೆಯ ಹುಡುಗಿ, ನನ್ನದೇ ವಯಸ್ಸು. ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

“ಏನಕ್ಕಾ, ಹಾವು ಸಾಕ್ತಿದ್ದೀರಾ ಬಕೆಟ್ಟಲ್ಲಿ?”

“ಕೈ ಹಾಕಿ ನೋಡು ಮಾರಾಯ್ತಿ, ಕಚ್ಚಲ್ಲ” ಅಂದೆ.

ಹಾಕಿದಳು. ಅಂದಿನಿಂದ ನಾವಿಬ್ಬರೂ ಒಟ್ಟಿಗೇ ಹೆಣೆದೆವು. ಅವಳ ಬೆರಳು ನನ್ನದಕ್ಕಿಂತ ಚುರುಕು. ಮಾತು ಕಡಿಮೆಯಾದಾಗ ತಮಿಳಿನಲ್ಲಿ ಏನೋ ಗುನುಗುತ್ತಿದ್ದಳು.

ಮೊದಲ ಮಳೆಗಾಲದಲ್ಲೇ ಪೆಟ್ಟು ಬಿತ್ತು. ಕೋಟೆಯ ಅಂಗಡಿಯೊಂದಕ್ಕೆ ಹಬ್ಬದ ಹೊತ್ತಿಗೆ ಕೊಡಬೇಕೆಂದು ಬುಟ್ಟಿ, ಕೂರುವ ಮೋಡಾ, ಮಕ್ಕಳ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿ, ಮೇಲೆ ಗೋಣಿ ಹೊದಿಸಿ ಗೋಡೆಗೆ ಒತ್ತಿಟ್ಟಿದ್ದೆವು. ಗೋಣಿ ಎತ್ತಿದರೆ ಮುಗ್ಗಲು ವಾಸನೆ. ಹೆಣಿಗೆಯ ಸಂದು ಸಂದಿನಲ್ಲಿ ಬಿಳಿ ಬೂಷ್ಟು. ಬಿದಿರಿನ ತಳ ಕಪ್ಪಾಗಿತ್ತು. ಅವಳು ಒಂದು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು.

ಅಂಗಡಿಯವರು “ಒರೆಸಿ ವಾರ್ನಿಶ್ ಹೊಡೀರಮ್ಮ, ಮುಚ್ಚಿ ಹೋಗುತ್ತೆ” ಅಂದರು. ಹೊಡೆದೆವು. ಒಳಗಿನ ಪಸೆ ಒಳಗೇ ಉಳಿದು, ಹೊಳಪಿನ ಕೆಳಗೆ ಕಲೆಗಳು ಹರಡಿದವು. ಆಮೇಲೆ ಒಲೆಯ ಮೇಲೆ ಕಟ್ಟಿದೆವು. ಬೆತ್ತ ಹೊಗೆ ಕುಡಿದು ಕಂದಿತು, ಬಾಗಿದ ಕಡೆಯೆಲ್ಲ ಸೀಳಿತು. ನೀರಿಲ್ಲದೆ ಬೆತ್ತ ಬಗ್ಗುವುದಿಲ್ಲ. ಬಗ್ಗಿಸಲು ಕುಡಿಸಿದ ನೀರನ್ನು ಹೊರಗೆ ಕಳಿಸುವುದು ಹೇಗೆ, ಅದೂ ಗಾಳಿಯೇ ಒದ್ದೆಯಾಗಿರುವ ತಿಂಗಳುಗಳಲ್ಲಿ, ನಮಗೆ ಹೊಳೆಯಲಿಲ್ಲ.

ದಾರಿ ತೋರಿಸಿದವರು ಬೇಕರಿಯಮ್ಮ. ಭದ್ರಾವತಿಯ ಹಳೇ ಊರಿನಲ್ಲಿ ಅವರ ಗಂಡನ ಬೇಕರಿ. ಬ್ರೆಡ್ಡು ತುಂಬುವುದಕ್ಕೆ ದೊಡ್ಡ ಬುಟ್ಟಿ ಬೇಕೆಂದು ಹೇಳಲು ಬಂದವರು ನಮ್ಮ ಮುಖ ನೋಡಿ ವಿಚಾರಿಸಿದರು. ಹೇಳಿದೆವು.

“ಅರೇ, ನಮ್ಮ ಭಟ್ಟಿ ಹಿಂದೆ ಒಂದು ಕೋಣೆ ಖಾಲಿ ಬಿದ್ದಿದೆ. ಮಳೆಗಾಲ ಪೂರಾ ಅಲ್ಲಿ ಬಟ್ಟೆ ಒಣಗಿಸ್ತೀನಿ. ನೀವೂ ತಂದು ಹಾಕಿ. ಜಾಗಕ್ಕೇನು ಬರ?”

ಆ ಕೋಣೆಗೆ ಮೊದಲು ಕಾಲಿಟ್ಟ ಮಧ್ಯಾಹ್ನ ಈಗಲೂ ನನ್ನ ಮೈಗೆ ನೆನಪಿದೆ. ಹೊರಗೆ ಹಂಚಿನ ಮೇಲೆ ಜಿಟಿಜಿಟಿ ಮಳೆ. ಒಳಗೆ, ಬೆಳಗಿನ ಜಾವ ಉರಿದು ಆರಿದ ಭಟ್ಟಿಯ ಗೋಡೆ, ಆಗತಾನೇ ನಿದ್ದೆಯಿಂದ ಎದ್ದವರ ಮೈಯಂತೆ ಬೆಚ್ಚಗೆ. ಸೂರಿನಡಿ ಕಿಟಕಿಯೊಂದರಿಂದ ಬೆಳಕು ಇಳಿದು, ಅದರಲ್ಲಿ ಮೈದಾಹಿಟ್ಟಿನ ದೂಳು ನಿಧಾನವಾಗಿ ತಿರುಗುತ್ತಿತ್ತು. ಗೆಳತಿ ಗೋಡೆಗೆ ಬೆನ್ನು ಕೊಟ್ಟು ಕೂತವಳು ಅಲ್ಲೇ ನಿದ್ದೆ ಹೋದಳು. ನಾನೂ ಎಚ್ಚರವಿದ್ದೆನೆಂದು ಹೇಳಲಾರೆ. ಕಣ್ಣು ಬಿಟ್ಟಾಗ ಹಗ್ಗದಲ್ಲಿ ತೂಗಿಬಿಟ್ಟಿದ್ದ ಬುಟ್ಟಿಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು.

ಆ ಬಿಸಿಯನ್ನೂ ಪಳಗಿಸಬೇಕಾಯಿತು. ಬೆಳಿಗ್ಗೆ ಗೋಡೆ ಸುಡುವಾಗ ಹತ್ತಿರ ಇಟ್ಟ ಕುರ್ಚಿಯ ಕಾಲು ಟಪ್ಪೆಂದು ಸೀಳಿತು. ಮೇಲ್ಮೈ ಒಣಗಿ ಬಿಗಿದು, ಒಳಗೆ ಹಸಿ ಹಾಗೇ ಇತ್ತು. ಆಮೇಲೆ ಹೊಸ ಸಾಮಾನನ್ನು ಬಾಗಿಲ ಕಡೆ ದೂರದಲ್ಲಿ ತೂಗುಹಾಕಿ, ದಿನ ಕಳೆದಂತೆ ಗೋಡೆಯತ್ತ ಸರಿಸಿದೆವು. ನೆಲಕ್ಕೂ ಗೋಡೆಗೂ ಒಂದೂ ತಾಗಬಾರದು, ಒಂದಕ್ಕೊಂದು ಒತ್ತಬಾರದು. ಮಳೆ ಬಿಟ್ಟ ಗಳಿಗೆಯಲ್ಲಿ ಕಿಟಕಿ ತೆರೆದು, ಹನಿ ಶುರುವಾದೊಡನೆ ಮುಚ್ಚುತ್ತಿದ್ದೆವು. ಒಣಗಿತೋ ಇಲ್ಲವೋ ತಿಳಿಯಲು ಗೆಳತಿ ಬೆತ್ತವನ್ನು ಕೆನ್ನೆಗೆ ಒತ್ತಿ ನೋಡುವಳು. “ಇನ್ನೂ ತಣ್ಣಗಿದೆ ಅಕ್ಕಾ, ಒಳಗೆ ನೀರಿದೆ” ಎನ್ನುವಳು. ಕೆನ್ನೆಗೆ ಏನೂ ಅನ್ನಿಸದಾದ ದಿನವೇ ವಾರ್ನಿಶ್. ಎಲ್ಲ ಮುಗಿದ ಬುಟ್ಟಿಯೊಳಗೆ ಮುಖವಿಟ್ಟರೆ ಹೊಸ ಬ್ರೆಡ್ಡಿನ ಪರಿಮಳ.

ಮರುವರ್ಷದ ಮಳೆಗಾಲಕ್ಕೆ ಗೆಳತಿ ಬಸುರಿ. ಅವಳ ಮಗುವಿಗೆಂದು ಬೆತ್ತದ ತೊಟ್ಟಿಲು ಹೆಣೆದು, ಬಾಗಿಲ ಹತ್ತಿರ ತೂಗುಹಾಕಿದ್ದೆವು. ಹೆರಿಗೆಗೆ ಇನ್ನೂ ಬಹಳ ಸಮಯವಿದೆ, ನಿಧಾನವಾಗಿ ಒಣಗಲಿ ಎಂದುಕೊಂಡಿದ್ದೆವು. ಮಗು ಕಾಯಲಿಲ್ಲ. ದಿನ ತುಂಬುವ ಮೊದಲೇ ಹುಟ್ಟಿತು, ಹೆಣ್ಣು, ನನ್ನ ಅಂಗೈಯಿಂದ ಮೊಣಕೈವರೆಗೂ ಬಾರದಷ್ಟು ಪುಟ್ಟದು. ಆಸ್ಪತ್ರೆಯಲ್ಲಿ ಕೆಲಕಾಲ ಇಟ್ಟುಕೊಂಡು ಮನೆಗೆ ಕಳಿಸುವಾಗ ನರ್ಸಮ್ಮ ಗಟ್ಟಿಯಾಗಿ ಹೇಳಿದರು: “ಬೆಚ್ಚಗಿಡಿ. ಥಂಡಿ ಆಗಬಾರದು, ಹೊಗೆಯೂ ತಾಗಬಾರದು.”

ಗೆಳತಿಯ ಮನೆಯ ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಕೆಂಡ ಇಟ್ಟರೆ ಹೊಗೆ. ಮಗುವನ್ನು ರವಿಕೆಯೊಳಗೆ ಎದೆಗವಚಿಕೊಂಡು ಅವಳು ಮಂಚದ ಮೇಲೆ ಕೂತಿದ್ದಳು, ಅಳಲೂ ಹೆದರಿದವಳ ಹಾಗೆ.

ಬೇಕರಿಯಮ್ಮ ನೋಡಲು ಬಂದರು. ಗೋಡೆ ಮುಟ್ಟಿದರು, ಮಗುವಿನ ಪಾದ ಮುಟ್ಟಿದರು. “ಬುಟ್ಟಿಗೆ ಇರೋ ನಸೀಬು ಮಗೂಗೆ ಬೇಡ್ವಾ? ನಡೀರಿ ನಮ್ಮಲ್ಲಿಗೆ” ಎಂದರು. ಗೆಳತಿ ನನ್ನ ಮುಖ ನೋಡಿದಳು.

“ನಾನೂ ಬರ್ತೀನಿ” ಅಂದೆ.

ನರ್ಸಮ್ಮನೂ ಬಂದು ಕೋಣೆ ನೋಡಿದರು. ಗೋಡೆಯಿಂದ ಎಷ್ಟು ದೂರ ಮಲಗಿಸಬೇಕೆಂದು ತೋರಿಸಿ, ಮಗುವನ್ನು ತಾಯಿಯ ಎದೆಯಿಂದ ಹೆಚ್ಚು ಹೊತ್ತು ಬಿಡಿಸಬೇಡಿ ಎಂದರು. ತೊಟ್ಟಿಲನ್ನು ಗೆಳತಿ ಕೆನ್ನೆಗೆ ಒತ್ತಿ ನೋಡಿ ತಲೆಯಾಡಿಸಿದಳು. ತಣ್ಣಗಿತ್ತು. ವಾರ್ನಿಶ್ಶಂತೂ ಮಗುವಿನ ಹತ್ತಿರ ಬೇಡವೇ ಬೇಡ. ಬೇಕರಿಯಮ್ಮ ಹಳೆಯ ಬ್ರೆಡ್ಡಿನ ಬುಟ್ಟಿಯೊಂದನ್ನು ಬಿಸಿನೀರಲ್ಲಿ ಉಜ್ಜಿ ತೊಳೆದು, ಚೆನ್ನಾಗಿ ಒಣಗಿಸಿ, ಹತ್ತಿಯ ಹಾಸು ಹಾಕಿ ತಂದರು. ಎದೆಯಿಂದ ಇಳಿಸಿದಾಗಲೆಲ್ಲ ಮಗು ಅದರಲ್ಲಿ ಮಲಗಿತು.

ಆ ದಿನಗಳು ಒಂದರೊಳಗೊಂದು ಕಲೆತುಹೋಗಿವೆ. ಹಗಲಿಡೀ ಅಲ್ಲೇ ಇರುತ್ತಿದ್ದೆ. ಬೆತ್ತ ನೆನೆಸುವುದನ್ನು ನಿಲ್ಲಿಸಿ, ಒಣಗಿದ್ದಕ್ಕೆ ಅಂಚು ಕಟ್ಟುವ ಕೆಲಸವಷ್ಟೇ ಮಾಡುತ್ತಿದ್ದೆ. ಗೋಡೆಯಾಚೆ ಹಿಟ್ಟು ನಾದುವ ದಪ್ ದಪ್ ಸದ್ದು. ತಾಯಿ ಮಗು ಇಬ್ಬರೂ ತೂಕಡಿಸುವಾಗ, ಮಗುವಿನ ಉಸಿರು ಕೇಳಲೆಂದು ನಾನು ಕೈಕೆಲಸ ನಿಲ್ಲಿಸುತ್ತಿದ್ದೆ. ಕೇಳಿದ ಮೇಲೆ ಮತ್ತೆ ಬೆತ್ತದ ಎಳೆ ಎಳೆಯುತ್ತಿದ್ದೆ. ಸಾಯಂಕಾಲ ಯಜಮಾನರು ಛತ್ರಿ ಹಿಡಿದು ಕರೆಯಲು ಬಂದು, ಬಾಗಿಲಲ್ಲಿ ನಿಂತು, ಪಿಸುದನಿಯಲ್ಲಿ “ಹೇಗಿದೆ?” ಎನ್ನುವರು. “ಕುಡೀತು” ಎಂದರೆ ಅವರ ಮುಖ ಸಡಿಲವಾಗುತ್ತಿತ್ತು.

ಒಂದು ದಿನ ಮಗು ಜೋರಾಗಿ ಅತ್ತಿತು. ಅಷ್ಟು ದಿನ ಬೆಕ್ಕಿನ ಮರಿಯಂತೆ ಮುಲುಗುತ್ತಿದ್ದುದು, ಭಟ್ಟಿಯ ಮುಂದಿದ್ದವರಿಗೂ ಕೇಳುವಂತೆ ಕಿರುಚಿತು. ಹಿಟ್ಟಿನ ಸದ್ದು ನಿಂತಿತು. ಆಚೆಯಿಂದ ಬೇಕರಿಯವರು “ಏನಾಯ್ತಮ್ಮಾ?” ಎಂದು ಕೂಗಿದರು.

“ಏನಿಲ್ಲಣ್ಣಾ, ಹಸಿವು!” ಎಂದು ಗೆಳತಿ ಕೂಗಿ ಹೇಳಿದಳು. ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ವರ್ಷ ಕೋಟೆಯ ಅಂಗಡಿಗೆ ಕೊಟ್ಟ ಸಾಮಾನು ಕಡಿಮೆ, ಆದರೆ ಒಂದೂ ವಾಪಸು ಬರಲಿಲ್ಲ. ಮುಂದೆ ಕೆಲವು ವರ್ಷ ನಮ್ಮ ಕೆಲಸ ಅಲ್ಲೇ ನಡೆಯಿತು. ಹುಡುಗಿ ಅಲ್ಲೇ ತೆವಳಿದಳು, ಅಲ್ಲೇ ನಡೆದಳು.

ಮಗು ಹುಟ್ಟಿದ ಆ ವರ್ಷ, ಮಳೆ ನಿಂತು ಬಿಸಿಲು ಬಿದ್ದ ಮೊದಲ ಬೆಳಿಗ್ಗೆ ಅವಳಿಗೆ ಎಣ್ಣೆ ಹಚ್ಚಿ ಅಂಗಳಕ್ಕೆ ತಂದೆವು. ಅಷ್ಟು ಬೆಳಕನ್ನು ಅವಳು ಕಂಡಿರಲಿಲ್ಲ. ಕಣ್ಣು ಕಿರಿದು ಮಾಡಿ, ಮುಖ ಸಿಂಡರಿಸಿ, ಒಂದು ಸೀನು ಸೀನಿದಳು. ಬೇಕರಿಯಮ್ಮ ತಮ್ಮ ಕಣ್ಣಿನ ಕಾಡಿಗೆ ತೆಗೆದು ಅವಳ ಕೆನ್ನೆಗಿಟ್ಟರು. ಅವಳು ಅವರ ಬೆರಳು ಹಿಡಿದಳು, ಬಿಡಲಿಲ್ಲ.